ಬೇಟೆಯ ಗುಡಿಸಲಲ್ಲಿ ಒಂದು ಸಿಳ್ಳೆ

ಈ ಕಥೆ ಹೇಳಿದರೆ ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಆ ಗುಡಿಸಲಲ್ಲಿ ಕೂತವನು ನಾನು, ಅವರಲ್ಲ.

ತೊಂಬತ್ತರ ದಶಕದ ಕೊನೆ. ನಾನು ಪುಣೆಯದೇ ಭೋಸರಿಯ ಪಂಪ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಆಫ್ರಿಕಾದ ಒಂದು ಬೇಟೆ ಫಾರ್ಮಿಗೆ ನಮ್ಮ ಬೋರ್‌ವೆಲ್ ಪಂಪ್ ಹೋಗಿತ್ತು. ಕೂರಿಸಿಕೊಡಲು ನನ್ನನ್ನು ಕಳಿಸಿದರು. ಬಿಲ್ಲುಬಾಣದಲ್ಲಿ ಬೇಟೆಯಾಡುವ ಶೋಕಿಯವರು ಅಲ್ಲಿಗೆ ಬರುತ್ತಾರೆ. ಒಣಗಾಲದಲ್ಲಿ ಹೊಂಡಕ್ಕೆ ನೀರು ಬಿಟ್ಟರೆ ಪ್ರಾಣಿಗಳು ಬರಲೇಬೇಕು; ಪಕ್ಕದ ಗುಡಿಸಲಿನಲ್ಲಿ ಅಡಗಿ ಕೂತವನು ಬಾಣ ಬಿಡುತ್ತಾನೆ. ಆ ವರ್ಷ ಒಣಗಾಲದಲ್ಲೇ ಮಳೆ ಹಿಡಿಯಿತು. ಎಲ್ಲೆಲ್ಲೂ ನೀರು. ಹೊಂಡದ ಕಡೆ ಯಾವ ಪ್ರಾಣಿಯೂ ಸುಳಿಯಲಿಲ್ಲ. ದಾರಿ ಕೊಚ್ಚಿಹೋಗಿ, ಕೆಲಸ ಮುಗಿಸಿದ ನಾನೂ ಅಲ್ಲೇ ಸಿಕ್ಕಿಬಿದ್ದೆ.

ಪುಣೆಯ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿದಾಗ ಅವ್ವ ಬಂದು ಕೇಳಿದಳು: “ಅಲ್ಲಿ ಮಾತಾಡ್ಸವ್ರು ಯಾರರ ಅದಾರೇನೋ?”

“ಭಾಳ ಮಂದಿ ಅದಾರವ್ವ” ಎಂದೆ.

ಸುಳ್ಳು. ಆಳುಗಳ ಭಾಷೆ ನನಗೆ ಬಾರದು, ನನ್ನ ಹರಕುಮುರುಕು ಇಂಗ್ಲಿಷ್ ಮಾಲೀಕನಿಗೆ ತಿಳಿಯದು. ಪುಣೆಯ ರಿಕ್ಷಾದವರ ಜೊತೆ ಮರಾಠಿಯಲ್ಲಿ ಗಂಟಲು ಹರಿದು ಜಗಳಾಡುವ ನಾನು ಅಲ್ಲಿ ಮೂಗನಾಗಿದ್ದೆ. ಕೊನೆಗೆ ಬೇಟೆಗೆ ಬಂದಿದ್ದ ಒಬ್ಬ ಮುದುಕ, ಅವನೂ ಪರದೇಶಿ, ಗುಡಿಸಲಿಗೆ ಬಾ ಎಂದು ಕೈಸನ್ನೆ ಮಾಡಿದ. ತುಟಿಗೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ತೋರಿಸಿದ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಳೆ ನೋಡುತ್ತಿದ್ದೆವು. ಫ್ಲಾಸ್ಕಿನ ಕಾಫಿ ನನಗೂ ಬಗ್ಗಿಸಿ ಕೊಡುತ್ತಿದ್ದ. ದಿನಾ ಬೆಳಿಗ್ಗೆ ಅವನು ಕರೆಯುವುದನ್ನೇ ಕಾಯುತ್ತಿದ್ದೆ. ಆ ಬೆಂಚೂ ಇಲ್ಲದಿದ್ದರೆ ನನಗೆ ತಲೆ ಕೆಡುತ್ತಿತ್ತು.

ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಕೊನೆಗೂ ಹೊಂಡಕ್ಕೆ ಒಂದು ಕುಡು ಬಂತು. ತಿರುಚಿದ ಕೊಂಬಿನ, ನಮ್ಮ ಎತ್ತಿನಷ್ಟು ಎತ್ತರದ ಜಿಂಕೆ ಅದು. ಮುದುಕ ಬಿಲ್ಲು ಎಳೆದ. ಕುಡು ನೀರಿಗೆ ಮೂತಿ ಇಟ್ಟು, ಕುಡಿಯದೆ ತಲೆ ಎತ್ತಿತು. ಗುಲಬರ್ಗಾ ಕಡೆಯ ನಮ್ಮ ಊರಿನಲ್ಲಿ ಎತ್ತಿಗೆ ನೀರು ಕುಡಿಸುವಾಗ ಮೆಲ್ಲಗೆ ಸಿಳ್ಳೆ ಹಾಕುತ್ತೇವೆ. ಹಾಗೆ ಹಾಕಿದರೇ ಅವು ಹೊಟ್ಟೆ ತುಂಬ ಕುಡಿಯುವುದು. ಪುಣೆಗೆ ದುಡಿಯಲು ಬರುವ ತನಕ ಅಪ್ಪ ದಿನಾ ಹಾಕುತ್ತಿದ್ದ, ಅವನ ಪಕ್ಕ ನಿಂತು ನಾನೂ ಹಾಕುತ್ತಿದ್ದೆ. ಈಗಲೂ ಬಾಯಿ ತಾನಾಗಿ ಸಿಳ್ಳೆ ಹಾಕಿತು.

ಕುಡು ಒಂದೇ ನೆಗೆತಕ್ಕೆ ಪೊದೆ ಸೇರಿತು. ಬಾಣ ಕೆಸರಿನಲ್ಲಿ ಹೂತುಹೋಯಿತು. ಮುದುಕ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎತ್ತು, ಕೊಂಬು, ನೀರು ಎಂದು ಕೈಯಲ್ಲಿ ಏನೇನೋ ತೋರಿಸಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಮರುದಿನ ಸ್ನಾನ ಮಾಡಿ, ತಯಾರಾಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತೆ. ಅವನು ನನ್ನ ಮುಂದೆಯೇ ಹಾದು ಒಬ್ಬನೇ ಹೋದ. ಅಳು ಬಂತು. ಫಾರ್ಮಿನ ಇನ್ನೊಂದು ತುದಿಯಲ್ಲಿದ್ದ ಪಂಪಿನ ಶೆಡ್ಡಿಗೆ ನಡೆದೆ. ನೀರು ಯಾರಿಗೂ ಬೇಕಿರಲಿಲ್ಲ. ಆದರೂ ಸ್ವಿಚ್ ಒತ್ತಿದೆ. ಭೋಸರಿಯಲ್ಲಿ ದಿನವಿಡೀ ಕೇಳುತ್ತಿದ್ದ ಅದೇ ಗುಂಯ್ ಸದ್ದು. ಪಂಪಿನ ಪಕ್ಕದಲ್ಲಿ ಕೂತು ಅದನ್ನೇ ಕೇಳಿದೆ: “ಊಟ ಆತೇನ್ರಿ?”