ವಾಪಸ್ ಅಕ್ಕ ಕಾಯುವ ಪುಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಗೆ ಅಂಟಿದ ಕಿರುಕೋಣೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ಟವೆಲ್ಲೊಂದನ್ನು ಹೊದಿಸಿದೆ. ಅದರ ಮುಂದೆ ಕುಳಿತ ಹೆಂಗಸು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದೇ ಕೀಲಿ ಒತ್ತುತ್ತ ಹೋಗುತ್ತಾರೆ. ನಡುವೆ ಹುಬ್ಬು ಗಂಟಿಕ್ಕುತ್ತದೆ. ಮತ್ತೆ ಮೊದಲಿನಿಂದ.

"ಕಂಪ್ಯೂಟರಿಗೆ ಮುಸುಕು ಹಾಕಿ ಕೆಲಸ ಮಾಡೋ ಸೊಸೆ ನಮ್ಮನೇಲಿ ಮಾತ್ರ ಇರೋದು" ಎನ್ನುತ್ತಾರೆ ಬಾಗಿಲಲ್ಲಿ ನಿಂತ ಅತ್ತೆ. "ಅದಕ್ಕೂ ದೃಷ್ಟಿ ತಾಗತ್ತೇನೋ!"

ಸೊಸೆ ಪರೀಕ್ಷಿಸುತ್ತಿರುವುದು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು. ಕಣ್ಣು ಕಾಣದವರು ಬಳಸುವಂಥದ್ದು. ಅದಕ್ಕೆ ಮಾಲೀಕರಿಲ್ಲ, ಬೆಲೆಯಿಲ್ಲ. ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಹಾಗೆ ಕಳಿಸುವವರು ಮೊದಲು ಓದಬೇಕಾದ ನಿಯಮಗಳ ಪುಟವೊಂದಿದೆ. ಅದನ್ನು ಬರೆದವರೂ ಕಾಯುವವರೂ ಈಕೆಯೇ. ಕೋಡ್ ಬರೆದವರನ್ನು ಜನ ಹೊಗಳುತ್ತಾರೆ. ಈ ಪುಟ ಯಾರದೆಂದು ಯಾರೂ ಹುಡುಕುವುದಿಲ್ಲ.

ಪುಟದಲ್ಲಿ ಹೀಗಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ ಕಳಿಸಿ. ಯಾಕೆ ಬದಲಿಸಿದಿರಿ ಎಂದು ಬರೆಯಿರಿ. ಕಳಿಸುವ ಮುನ್ನ ಪರದೆ ಮುಚ್ಚಿ, ಬರೀ ಕಿವಿಯಿಂದ ಬಳಸಿ ನೋಡಿ. ಈ ಕೊನೆಯ ನಿಯಮ ಹುಟ್ಟಿದ್ದು ಮನೆಯೊಳಗೆ. ಮಗಳು ಹುಟ್ಟಿದಾಗ ಬಿಟ್ಟ ಕಂಪ್ಯೂಟರ್ ಕೆಲಸ ಈಕೆಗೆ ಮತ್ತೆ ಸಿಗಲಿಲ್ಲ. ಕಣ್ಣು ಕಾಣದ ಗಂಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಒಮ್ಮೆ ಯಾರೋ ಅಂದಕ್ಕೆಂದು ತಂತ್ರಾಂಶದ ಗುಂಡಿಗಳ ಹೆಸರು ತೆಗೆದು ಚಿತ್ರ ಹಾಕಿದ್ದರು; ಓದಲು ಹೆಸರಿಲ್ಲದೆ ಅದು ಎಲ್ಲಕ್ಕೂ 'ಬಟನ್' ಎನ್ನುತ್ತಿತ್ತು. "ಇಡೀ ಬೆಳಿಗ್ಗೆ ಕಿವೀಲಿ ಬಟನ್, ಬಟನ್, ಬಟನ್. ಇದೇನು ದರ್ಜಿ ಅಂಗಡಿನಾ ಅಂದೆ" ಎಂದು ಗಂಡ ನಗುತ್ತಾರೆ.

ದಿನಕ್ಕೆ ಆರೇಳು ಬದಲಾವಣೆಗಳು ಬರುತ್ತವೆ. ಅರ್ಧಕ್ಕಿಂತ ಹೆಚ್ಚು ವಾಪಸ್ ಹೋಗುತ್ತವೆ. ಹಾಗಾಗಿ ಕೋಡ್ ಕಳಿಸುವವರ ಬಳಗದಲ್ಲಿ ಈಕೆ 'ವಾಪಸ್ ಅಕ್ಕ'. ಪ್ರತಿಯೊಬ್ಬರಿಗೂ ತಾವೇ ಉತ್ತರ ಬರೆಯುತ್ತಾರೆ. ಮೊದಲು ಚೆನ್ನಾಗಿರುವುದನ್ನು ಹೇಳಿ, ಆಮೇಲೆ ತಪ್ಪು. "ಎಷ್ಟು ಆಸೆ ಇಟ್ಕೊಂಡು ಕಳಿಸಿರ್ತಾರೋ ಏನೋ. ಮುಖಕ್ಕೆ ಬಾಗಿಲು ಹಾಕಿದ ಹಾಗಾಗಬಾರದು."

ಆ ಬಾಗಿಲು ಈಚೆಗೆ ತಮ್ಮ ಮನೆಯವರ ಮುಖಕ್ಕೇ ಬಡಿಯಿತೇನೋ ಎಂದು ಈಕೆ ಹೆದರಿದ್ದುಂಟು.

ಆಸ್ಪತ್ರೆಯಲ್ಲಿ ಹಳೆಯ ಫೋನ್ ಬೋರ್ಡ್ ತೆಗೆದು, ಎಲ್ಲವೂ ಪರದೆಯ ಮೇಲೇ ನಡೆಯುವ ಹೊಸದನ್ನು ಹಾಕುವುದೆಂದಾಯಿತು. ತಂತ್ರಾಂಶ ಅದನ್ನು ಓದಿ ಹೇಳದಿದ್ದರೆ ಗಂಡ ಆ ಜಾಗ ಬಿಡಬೇಕು. "ನಿಮಗೆ ಬೇರೆ ಕಡೆ ಕುರ್ಚಿ ಹಾಕಿಸ್ತೀವಿ ಅಂದ್ರು ಸಾಹೇಬ್ರು. ಕುರ್ಚಿ ಅಂದ್ರು, ಕೆಲಸ ಅನ್ಲಿಲ್ಲ ನೋಡಿ" ಎನ್ನುತ್ತಾರೆ ಗಂಡ.

ಅದಕ್ಕೆ ಬೇಕಾದ ಕೋಡ್ ಬರೆದವನು ಬಳಗದ ಅತಿ ಚುರುಕಿನ ಹುಡುಗ. ಎಲ್ಲರೂ ಕರೆಯುವುದು 'ಬಿರುಗಾಳಿ' ಎಂದೇ. ಅಕ್ಕ ಹೊಸ ಬೋರ್ಡಿನ ಮಾದರಿಯೊಂದರ ಮೇಲೆ, ಪರದೆ ಮುಚ್ಚಿ, ಬಳಸಿ ನೋಡಿದರು. ಮಾತಾಡುತ್ತಿರುವಾಗ ಇನ್ನೊಂದು ಕರೆ ಬಂದರೆ, ಕರೆ ಜೋಡಿಸುವ ಗುಂಡಿಯಲ್ಲಿದ್ದ ಆಯ್ಕೆ ಸದ್ದಿಲ್ಲದೆ ಕರೆ ಕಡಿಯುವ ಗುಂಡಿಗೆ ಜಾರುತ್ತಿತ್ತು; ಜೋಡಿಸಲೆಂದು ಒತ್ತಿದರೆ ಕರೆ ಕಡಿದುಹೋಗುತ್ತಿತ್ತು. ಕಣ್ಣಿದ್ದವರಿಗೆ ಕಾಣುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ತಾವೇ ಸರಿಪಡಿಸಲು ಕುಳಿತರು, ಕೈಗೆ ಬಗ್ಗಲಿಲ್ಲ. ವಾಪಸ್ ಕಳಿಸಿದರು.

"ಅಕ್ಕಾ, ಈಗ ಸೇರಿಸಿಬಿಡಿ, ಆಮೇಲೆ ನೋಡ್ಕೊಳ್ಳೋಣ. ಭಾವನಿಗೇ ತಾನೇ ಬೇಕಾಗಿರೋದು?" ಎಂದು ಬಂತು ಅವನ ಉತ್ತರ. ಅಕ್ಕ ಒಪ್ಪಲಿಲ್ಲ. ಬಿರುಗಾಳಿ ಮುನಿಸಿಕೊಂಡು ಸುಮ್ಮನಾದ.

ಹೊಸ ಬೋರ್ಡ್ ಬಂತು. ಪಕ್ಕದಲ್ಲಿ ಸಹೋದ್ಯೋಗಿ ಕುಳಿತು ಓದಿ ಹೇಳಬೇಕು, ಆಗಷ್ಟೇ ಗಂಡನಿಗೆ ಕೆಲಸ. ಎಷ್ಟು ದಿನ ನಡೆದೀತು? "ಊರಿಗೆಲ್ಲ ನ್ಯಾಯ ಹೇಳೋಳು ಗಂಡನಿಗೊಂದು ವಿನಾಯಿತಿ ಕೊಡಬಾರದಿತ್ತಾ ಅಂತ ಕೇಳೇಬಿಟ್ಟೆ. ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಅವರು.

ಹೆಂಡತಿ ಅಂದು ಊಟಕ್ಕೆ ತಟ್ಟೆ ಇಟ್ಟರು. ಈಗ ಹೇಳುತ್ತಾರೆ: "ಆಸ್ಪತ್ರೆಗೆ ಯಾರೂ ಸುಮ್ಸುಮ್ನೆ ಫೋನ್ ಮಾಡಲ್ಲ. ಅಂಥವರ ಕರೆ ಇವರ ಬೆರಳಿಂದಲೇ ಕಡಿದು ಹೋಗಿದ್ರೆ ಇವರು ತಡ್ಕೊಳ್ತಿದ್ರಾ? ಆದ್ರೂ ಊಟ ಬಡಿಸುವಾಗೆಲ್ಲ ಒಳಗೊಳಗೇ ಕೊರೀತಿತ್ತು. ಆ ಹುಡುಗ ಬರದೇ ಹೋದ್ರೆ, ಇವರ ಕೆಲಸ ತೆಗೆದದ್ದು ನಾನೇ ಅಂತಾಗತ್ತಲ್ಲ. ಅವನ ಉತ್ತರ ಬಂತಾ ಅಂತ ಒಲೆ ಮೇಲೆ ಹಾಲಿಟ್ಟು ಓಡಿ ಬಂದು ನೋಡ್ತಿದ್ದೆ. ಎಷ್ಟು ಸಲ ಉಕ್ಕಿಸಿದೀನೋ!"

ಕೊನೆಗೊಂದು ಸಂಜೆ ಬಿರುಗಾಳಿಯ ಉತ್ತರ ಬಂತು. "ಅಕ್ಕಾ, ನೀವು ಹೇಳಿದ ಹಾಗೇ ಪರದೆ ಮುಚ್ಚಿ ಕೂತು ನೋಡಿದೆ. ಮೂರು ಸಲ ನಾನೇ ಕರೆ ಕಡಿದೆ. ಕೊನೇ ಸಲ ಆ ಕಡೆ ನಮ್ಮಮ್ಮ ಇದ್ದಿದ್ರೆ ಅನ್ನಿಸ್ತು. ಈಗ ನೋಡಿ."

ಅಕ್ಕ ನೋಡಿದರು. ಸರಿಯಿತ್ತು. ಈ ವಾರದಿಂದ ಗಂಡ ಬೋರ್ಡಿನ ಮುಂದೆ ಒಬ್ಬರೇ ಕೂರುತ್ತಿದ್ದಾರೆ.

ಪುಟದಲ್ಲಿ ತಮ್ಮ ಹೆಸರು ಇರಬೇಕೆನಿಸುವುದಿಲ್ಲವೇ ಎಂದರೆ ಈಕೆ ತಲೆಯಾಡಿಸುತ್ತಾರೆ. "ಹೆಸರೆಲ್ಲ ಬೇಡ ಬಿಡಿ. ಮೊದಲನೇ ಸಲ ಯಾರು ಬೇಕಾದ್ರೂ ಕಳಿಸ್ತಾರೆ. ವಾಪಸ್ ಹೋದ ಮೇಲೂ ಎರಡನೇ ಸಲ ಕಳಿಸ್ಬೇಕು ಅಂತ ಅನ್ನಿಸ್ಬೇಕಲ್ಲ, ಅದಕ್ಕೇ ನಾನು ಒಬ್ಬೊಬ್ಬರಿಗೂ ಉತ್ತರ ಬರೆಯೋದು."