ಒಲೆಯ ಬಲಕ್ಕೆ ನೀರಿನ ಬಟ್ಟಲು

ಅತ್ತೆಯ ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಶಿವಮೊಗ್ಗದ ವೈದ್ಯರು ಹೇಳಿದ ಮೇಲೆ ನಮ್ಮ ಶಿಕಾರಿಪುರದ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ರೊಟ್ಟಿಯದು. ಬೆಳಗಿನ ಜೋಳದ ರೊಟ್ಟಿಯನ್ನು ಅವರೇ ಬಡಿಯುತ್ತಿದ್ದರು. ಎದುರಿಗಿರುವವರನ್ನು ದನಿಯಿಂದ ಗುರುತಿಸುವ ಸ್ಥಿತಿಯಲ್ಲಿ ಅವರು ಗ್ಯಾಸ್ ಒಲೆಯ ಮುಂದೆ ನಿಲ್ಲುವುದು ನನ್ನ ಗಂಡನಿಗೆ ಸರಿಬರಲಿಲ್ಲ.

"ಒಂದ್ಸಲ ಏನಾದ್ರೂ ಆತು ಅಂದ್ರೆ ಮುಗೀತು ಅವ್ವ. ಆಮ್ಯಾಲೆ ನೀನು ಒಲೆ ಹತ್ರ ಹೋಗಂಗಿಲ್ಲ."

"ಆತಪ್ಪ. ಆದಾಗ ಬಂದು ಎತ್ಕೊಂಡು ಹೋಗು," ಎಂದರು ಅತ್ತೆ.

ಆ ಮಾತಿನ ಮೇಲೆ ನಾನೂ ಅತ್ತೆಯೂ ಅಡಿಗೆ ಕಟ್ಟೆಯನ್ನು ಹೊಸದಾಗಿ ಜೋಡಿಸಿದೆವು. ನಾನು ಸೊರಬದ ಕಡೆಯವಳು. ತವರಿನಲ್ಲಿ ಪಾತ್ರೆಗಳೆಲ್ಲ ಗೋಡೆಯ ಸ್ಟ್ಯಾಂಡಿನಲ್ಲಿ ಬೋರಲಾಗಿರುತ್ತಿದ್ದವು, ಖಾಲಿ ಕಟ್ಟೆಯೇ ಚೊಕ್ಕಟವಾದ ಕಟ್ಟೆ. ಅತ್ತೆ ಒಪ್ಪಲಿಲ್ಲ. "ಸ್ಟ್ಯಾಂಡಲ್ಲಿ ಒಂದು ಹುಡುಕಾಕೆ ಹೋದ್ರೆ ನಾಲ್ಕು ಬೀಳ್ತವೆ. ಎಲ್ಲಾ ಕಟ್ಟೆ ಮ್ಯಾಲೇ ಇರ್ಲಿ."

ಕೆಲಸದ ಕ್ರಮದಲ್ಲೇ ಎಲ್ಲವೂ ಕೂತಿತು. ಎಡತುದಿಗೆ ಹಿಟ್ಟಿನ ಡಬ್ಬಿ, ಅದರ ಪಕ್ಕ ಹಿಟ್ಟು ನಾದುವ ಪರಾತ, ಆಮೇಲೆ ರೊಟ್ಟಿ ಬಡಿಯುವಷ್ಟು ಬರಿಯ ಕಲ್ಲು, ಒಲೆ. ಒಲೆಯ ಬಲಕ್ಕೆ, ಹಂಚಿನ ಮೇಲಿನ ರೊಟ್ಟಿಗೆ ಸವರುವ ಬಟ್ಟೆ ಅದ್ದಲು ನೀರಿನ ಬಟ್ಟಲು. ಅದರಾಚೆ ಇಕ್ಕಳ, ಮಗುಚುವ ಕೈ, ಸೌಟು, ಹಿಡಿಗಳೆಲ್ಲ ಕಟ್ಟೆಯ ಅಂಚಿಗೆ. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡು. ಎಣ್ಣೆ ಮಾತ್ರ ದೂರದ ಗೋಡೆ ಮೂಲೆಗೆ.

ಅಂದಿನಿಂದ ಅವರು ತಡವರಿಸದೆ ರೊಟ್ಟಿ ಮಾಡಿದರು ಎಂದು ಬರೆಯಲು ಆಸೆಯಾಗುತ್ತದೆ. ತಡವರಿಸುತ್ತಿದ್ದರು. ಅಂಚು ಹರಿದ, ಸೀದ ರೊಟ್ಟಿಗಳಿರುತ್ತಿದ್ದವು. ಗಂಡ ಊಟಕ್ಕೆ ಕೂರುವ ಮೊದಲೇ ಅವನ್ನು ನಾನೂ ಅತ್ತೆಯೂ ತಿಂದು ಮುಗಿಸುತ್ತಿದ್ದೆವು.

ಹೀಗಿರುವಾಗ ದಾಯಾದಿಗಳ ಮನೆಯಲ್ಲಿ ಒಂದು ಸಾವಾಗಿ ನಮಗೂ ಸೂತಕ ಬಂತು. ಸೂತಕ ಕಳೆಯುವ ದಿನ ಅಡಿಗೆಮನೆಯಲ್ಲಿ ಒಂದು ಚಮಚವೂ ಉಳಿಯುವಂತಿಲ್ಲ. ಎಲ್ಲವನ್ನೂ ಹಿತ್ತಲಿಗೆ ತಂದು, ತೊಳೆದು, ಬಿಸಿಲಿಗಿಟ್ಟು ಒಳಗೆ ಒಯ್ಯಬೇಕು. ನಾದಿನಿ ಶಿರಾಳಕೊಪ್ಪದಿಂದ ಬೆಳಗಿನ ಬಸ್ಸಿಗೇ ಬಂದು ಪಾತ್ರೆಗಳ ಕೆಲಸ ಹಿಡಿದಳು. ನಾನು ಹಾಸಿಗೆ, ಹೊದಿಕೆ ಒಗೆಯುತ್ತಿದ್ದೆ. ಸಂಜೆ ನೋಡಿದರೆ ಕಟ್ಟೆಯ ಮೇಲೆ ಪಾತ್ರೆಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಹೊಳೆಯುತ್ತಿದ್ದವು. ಎಣ್ಣೆಯನ್ನೂ ತೊಳೆದ ಬಟ್ಟಲಿಗೆ ಬಗ್ಗಿಸಿ, ಒಗ್ಗರಣೆಗೆ ಹತ್ತಿರವಾಗಲೆಂದು ಅವಳು ಒಲೆಯ ಬಲಕ್ಕೆ ಇಟ್ಟಿದ್ದಳಂತೆ. ಅದು ನನಗೆ ಆಮೇಲೆ ತಿಳಿದದ್ದು.

ಮರುದಿನ ಬೆಳಿಗ್ಗೆ ಅತ್ತೆ ಪರಾತಕ್ಕಾಗಿ ಸ್ವಲ್ಪ ಹುಡುಕಿದರು, ಸಿಕ್ಕಿತು. ಹಿಟ್ಟು ನಾದಿ, ರೊಟ್ಟಿ ಬಡಿದು ಹಂಚಿಗೆ ಹಾಕಿದರು. ಬಲಗಡೆಯ ಬಟ್ಟಲಿಗೆ ಬಟ್ಟೆ ಅದ್ದಿ ರೊಟ್ಟಿಗೆ ಸವರಿದರು. ಹಿಟ್ಟು ಮೆತ್ತಿದ ಬೆರಳಿಗೆ ಎಣ್ಣೆಯ ಜಿಡ್ಡು ತಿಳಿಯಲಿಲ್ಲವೇನೋ. ಬಟ್ಟೆಯ ತುದಿ ಉರಿಗೆ ತಾಗಿ ಭಗ್ಗೆಂದಿತು. ಅವರು ಅದನ್ನು ಸಿಂಕಿಗೆ ಎಸೆದರು. ಒಲೆ ಆರಿತು. ನಲ್ಲಿ ತಿರುಗಿಸಿದ್ದು ನಾನು, ಅದರಲ್ಲಿ ಅನುಮಾನವಿಲ್ಲ.

ಹೊಗೆಗೆ ಗಂಡ ಓಡಿ ಬಂದರು. ತಾಯಿಯ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. ಸುಟ್ಟಿರಲಿಲ್ಲ. ಆಮೇಲೆ ನನ್ನನ್ನು ಕೇಳಿದರು, "ಒಲೆ ಆರ್ಸಿದ್ದು ಯಾರು?"

"ಅತ್ತೆ," ಎಂದೆ.

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡವರ ಹೇಳಿಕೆಯನ್ನೂ ಅನುಮಾನದಿಂದಲೇ ಓದಬೇಕೆಂದು ಕಲಿತಿದ್ದೆ. ನನ್ನ ನೆನಪಿನಲ್ಲಿ ಒಲೆಯ ಗುಂಡಿಯ ಮೇಲೆ ಎರಡು ಕೈಗಳಿವೆ, ಒಂದು ನನ್ನದು. ಯಾವುದು ಮೊದಲು ತಲುಪಿತೋ ತಿಳಿಯದು. ಗುಂಡಿಗೆ ಹಿಟ್ಟು ಮೆತ್ತಿತ್ತು, ಆದರೆ ಅದು ದಿನವೂ ಮೆತ್ತಿರುತ್ತಿತ್ತು.

ರಾತ್ರಿ ನಮ್ಮಲ್ಲೇ ಉಳಿದಿದ್ದ ನಾದಿನಿ ಬಾಗಿಲಲ್ಲಿ ಅಳುತ್ತಿದ್ದಳು. "ನಾನೇ ಅಣ್ಣ, ಎಣ್ಣೆ ಅಲ್ಲಿಟ್ಟಿದ್ದು."

"ಅಂಗಡಿ ಜೋಡಿಸ್ದಂಗೆ ಜೋಡಿಸೀಯಲ್ಲೇ," ಎಂದರು ಅತ್ತೆ. "ಮಾರಾಕಿಟ್ಟೀ ಏನು?"

ಮೊದಲಿನಂತೆ ಇಡಲು ಹೊರಟಾಗ ನನಗೇ ತಿಳಿಯಲಿಲ್ಲ. ಮೊದಲು ಇಕ್ಕಳವೋ, ಮಗುಚುವ ಕೈಯೋ? ದಿನವೂ ನೋಡಿದ್ದೆ, ದಿನಚರಿಯಲ್ಲಿ ಬೇಕಾದದ್ದು ಬೇಡವಾದದ್ದು ಎಲ್ಲ ಬರೆದಿದ್ದೆ, ಇದೊಂದು ನೆನಪಿರಲಿಲ್ಲ. ನಾನೂ ನಾದಿನಿಯೂ ಕೊಟ್ಟದ್ದನ್ನು ಅತ್ತೆ ಕೈಯಲ್ಲಿ ತಿರುಗಿಸಿ ನೋಡಿ ಒಂದೊಂದೇ ಇಟ್ಟರು. ಕೊನೆಗೆ ಎಣ್ಣೆಯ ಬಟ್ಟಲನ್ನು ಗಂಡ ತಾವೇ ಎತ್ತಿಕೊಂಡರು.

"ಇದು ಎಲ್ಲಿ ಅವ್ವ?"

"ಗ್ವಾಡೆ ಮೂಲೆಗೆ. ಇನ್ನೂ ಹಿಂದಕ್ಕೆ."

ಇಟ್ಟು ಹೊರಗೆ ಹೋದರು. ಅತ್ತೆ ಮತ್ತೆ ಒಲೆ ಹಚ್ಚಿದರು.

ಒಲೆ ಆರಿಸಿದ್ದು ಅತ್ತೆ ಎಂಬ ನನ್ನ ಒಂದು ಮಾತಿನ ಮೇಲೆ ಗಂಡ ಸುಮ್ಮನಾದರು. ಅದು ನಿಜವೇ ಎಂದು ಅತ್ತೆಯನ್ನು ಕೇಳುವ ಧೈರ್ಯ ನನಗೆ ಬಂದಿಲ್ಲ. ಕೇಳಿದರೆ ಅವರಿಗೂ ಅನುಮಾನ ಹುಟ್ಟಬಹುದು. ಹಾಗಾಗಿ ಅವರು ರೊಟ್ಟಿ ಮಾಡುವಷ್ಟು ಹೊತ್ತು ನಾನೂ ಏನಾದರೂ ಕೆಲಸ ಹಿಡಿದು ಅಡಿಗೆಮನೆಯಲ್ಲೇ ಕೂರುತ್ತೇನೆ. ಅವರಿಗೆ ನಾನಿರುವುದು ಗೊತ್ತಾಗುತ್ತದೆ.

"ಆ ಕೊತ್ತಂಬರಿ ಸೋಸೋದು ಇನ್ನೂ ಮುಗೀಲಿಲ್ಲೇನವ್ವ?"

"ಇಲ್ಲ ಅತ್ತೆ," ಎನ್ನುತ್ತೇನೆ.