ಮಾಸು ಬೀಳುವ ತನಕ

ತಲೆಯ ಮೇಲೆ ವರ್ಷದ ತೆಂಗಿನಕಾಯಿ ಪೇರಿಸಿಕೊಂಡು ನಿದ್ದೆ ಮಾಡುವ ಜನರಿದ್ದಾರೆ ಎಂದರೆ ನಮ್ಮ ವಿಜಾಪುರದವರು ನಂಬಲಿಕ್ಕಿಲ್ಲ. ತುರುವೇಕೆರೆ ಹತ್ತಿರದ ಅಕ್ಕನ ಮನೆಯಲ್ಲಿ ನನಗೆ ಕೊಟ್ಟದ್ದು ಅಟ್ಟದ ಕೆಳಗಿನ ಕೋಣೆ. ಮೇಲೆ ಕಾಯಿ ಒಣಗಿ ಕೊಬ್ಬರಿಯಾಗಬೇಕು. ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮಲ್ಲಿ ಮಾಳಿಗೆ ಹತ್ತಿದರೆ ಕಣ್ಣು ಹರಿಯುವಷ್ಟು ದೂರ ಜೋಳದ ಹೊಲ. ಇಲ್ಲಿ ಕಿಟಕಿ ತೆರೆದರೆ ತೆಂಗಿನ ಬೊಡ್ಡೆ, ಅದರ ಹಿಂದೆ ಇನ್ನೊಂದು ಬೊಡ್ಡೆ. ನನಗೆ ಉಸಿರು ಕಟ್ಟುತ್ತಿತ್ತು.

ತಿಪಟೂರಿನಲ್ಲಿ ಪಿಯುಸಿ ಓದಲು ಬಂದವಳು ನಾನು. ರೊಟ್ಟಿ ಬಿಟ್ಟು ಮುದ್ದೆ ಉಣ್ಣುವುದನ್ನು ಕಲಿತೆ; ಅದನ್ನು ಅಗಿಯಬಾರದು, ನುಂಗಬೇಕು. ಪಶುವೈದ್ಯ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಾಗ ಅಕ್ಕನ ಗಂಡ, ಇಲ್ಲಿಯವರ ಮಾತಿನಲ್ಲಿ ಭಾವ, ಬೇಡ ಎನ್ನಲಿಲ್ಲ.

"ಹೋಗ್ಬಾ. ಸೀಟ್ ಸಿಗ್ಲಿಲ್ಲ ಅಂದ್ರೆ ನನ್ ತಮ್ಮ ಅವ್ನೆ. ಶ್ರಾವಣದಲ್ಲಿ ಮದ್ವೆ ಮುಗಿಸ್ಬುಡಾಣ" ಎಂದರು.

ಅದು ತಮಾಷೆಯಲ್ಲ ಎಂದು ಗೊತ್ತಿತ್ತು. ದನದ ಹೊಟ್ಟೆಯ ನಾಲ್ಕು ಭಾಗಗಳ ಹೆಸರನ್ನು ಕೊಟ್ಟಿಗೆ ಗುಡಿಸುತ್ತಲೇ ಬಾಯಿಪಾಠ ಮಾಡಿದೆ.

ಸಂದರ್ಶನದ ದಿನ ನಸುಕಿನಲ್ಲೇ ಹಸು ಕರು ಹಾಕಿತು. ಕರುವಿನ ಹಿಂದೆ ಬರುವ ಕಸಕ್ಕೆ ಇಲ್ಲಿ ಮಾಸು ಎನ್ನುತ್ತಾರೆ. ಅದು ಬೀಳುವ ತನಕ ಮನೆಯವರೊಬ್ಬರು ಕಾಯಲೇಬೇಕು. ಬಿದ್ದದ್ದನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ. ಹಸುವೇ ತಿಂದುಬಿಟ್ಟರೆ ಹಾಲು ಹೋಯಿತೆಂದೇ ಅವರ ನಂಬಿಕೆ.

"ದನದ ಡಾಕ್ಟ್ರು ಆಗೋಳು ನೀನೇ ತಾನೆ? ಮಾಸು ಬೀಳೋಗಂಟ ಅಲ್ಲಾಡ್ಬ್ಯಾಡ ಕಣಮ್ಮ" ಎಂದು ಹೇಳಿ ಭಾವ ಕೊಬ್ಬರಿ ಗಾಡಿ ಹೊಡೆದುಕೊಂಡು ಮಾರುಕಟ್ಟೆಗೆ ಹೋದರು.

ಇಸ್ತ್ರಿ ಸೀರೆಯನ್ನು ಎತ್ತಿ ಸಿಕ್ಕಿಸಿ, ಕೋಲು ಹಿಡಿದು ನಿಂತೆ. ರೈಲಿಗೆ ಮುಟ್ಟಿಸುವ ತಿಪಟೂರು ಬಸ್ಸು ದೂರದಲ್ಲಿ ಹಾರನ್ ಹೊಡೆಯಿತು. ಹಸು ಆರಾಮವಾಗಿ ಕರು ನೆಕ್ಕುತ್ತಿತ್ತು. ಅದರ ಮೇಲೆ ಎಂಥ ಸಿಟ್ಟು ಬಂತೆಂದರೆ, ಅಳು ಬಂದುಬಿಟ್ಟಿತು.

ಅಕ್ಕ ಒಳಗಿನಿಂದ ಬಂದು ಕೋಲು ಕಸಿದುಕೊಂಡಳು. ಮದುವೆಯಾದಂದಿನಿಂದ ಈ ಸೀಮೆಯ ಮಾತನ್ನೇ ಆಡುತ್ತಿದ್ದವಳು ಅಂದು ನಮ್ಮೂರ ಮಾತಿನಲ್ಲಿ ಹೇಳಿದಳು: "ನೀ ಹೋಗವಾ. ಇಲ್ಲಿ ಕಾಯಾಕ ನಾ ಒಬ್ಬಾಕಿ ಸಾಕು."

ಓಡಿದೆ. ಬಸ್ಸು ಸಿಕ್ಕಿತು, ಕಾಲೇಜಿನ ಸೀಟೂ ಸಿಕ್ಕಿತು. ಮಾಸು ಬಿದ್ದದ್ದು ಸಂಜೆಗೆ ಎಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೂ ಅಕ್ಕ ಊಟವಿಲ್ಲದೆ ನಿಂತಿದ್ದಳಂತೆ.

ಈಗ ಹಾಸ್ಟೆಲಿನ ಕಿಟಕಿ ತೆರೆದರೆ ಆಕಾಶ ಕಾಣುತ್ತದೆ. ಊರು ಯಾವುದೆಂದು ಕೇಳಿದವರಿಗೆ ವಿಜಾಪುರ ಎನ್ನುತ್ತೇನೆ. ಆದರೆ ರಜೆ ಬಂದರೆ ತಿಪಟೂರಿನ ರೈಲು ಹತ್ತುತ್ತೇನೆ. ನಾನು ಬಿಟ್ಟು ಬಂದ ಮನೆಯಲ್ಲಿ, ಆ ಕಾಯಿಗಳ ಕೆಳಗೆ, ಅಕ್ಕ ಇದ್ದಾಳೆ.